ಒಂದಂಗುಲ ಗಾಳಿ

ಮಾರ್ಚ್ 3, ಮಂಗಳವಾರ

ಅಜ್ಜಿ ನಮ್ಮ ಮನೆಗೆ ಬರುತ್ತಾಳೆ, ಇವರು ಹೂಂ ಅಂದರು, ಅತ್ತೆಯವರೂ ಹೂಂ ಅಂದರು, ನಾನು ಅಡುಗೆಮನೆಯಲ್ಲಿ ಒಬ್ಬಳೇ ಎರಡು ಸುತ್ತು ಕುಣಿದು ಸಕ್ಕರೆ ಡಬ್ಬಿ ಬೀಳಿಸಿದೆ.

ಇನ್ನೊಮ್ಮೆ ಬರೆಯುತ್ತೇನೆ, ಬರೆದರೆ ಗಟ್ಟಿಯಾಗುತ್ತದೆ: ಅಜ್ಜಿ ಬರುತ್ತಾಳೆ. ರೈಲಿನಲ್ಲಿ ಮೂರು ಗಂಟೆ ದೂರದ ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೆ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಐದು ವರ್ಷದ ನನ್ನನ್ನು ಎತ್ತಿಕೊಂಡವಳು, ತನಗೆ ಇಂಗ್ಲಿಷ್ ಬಾರದಿದ್ದರೂ ನನ್ನ ಇಂಗ್ಲಿಷ್ ಹೋಂವರ್ಕ್ ಮಾಡಿಸಿದವಳು, "ಓದು, ನಾನು ಕೇಳ್ತೀನಿ, ತಪ್ಪಿದ್ರೆ ನಿನ್ನ ಮುಖದಲ್ಲೇ ಗೊತ್ತಾಗುತ್ತೆ" ಅನ್ನುತ್ತಿದ್ದವಳು. ಅದಕ್ಕೇ ಇರಬೇಕು, ಹದಿನೈದು ವರ್ಷ ಇಂಗ್ಲಿಷಿನಲ್ಲಿ ಓದಿದರೂ ಖುಷಿಯನ್ನು ಇಂಗ್ಲಿಷಿನಲ್ಲಿ ಬರೆದರೆ ನನಗೆ ಸಾಲುವುದಿಲ್ಲ.

ನಮ್ಮ ಮದುವೆಯಾಗಿ ಏಳು ವಾರ. ಹನ್ನೊಂದನೇ ದಿನ ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಅದರ ಬೆನ್ನಿಗೇ ಒಂದು ಸಣ್ಣ ಸ್ಟ್ರೋಕ್. ಎಡಗೈ ಎಡಗಾಲು ಈಗ ಅವಳ ಮಾತು ಕೇಳುವುದಿಲ್ಲ. ತಲೆ ಚುರುಕಾಗಿದೆ, ನಾಲಿಗೆ ಇನ್ನೂ ಚುರುಕು, ಆದರೆ ಮಲಗಿದರೆ ಮಗ್ಗುಲು ಬದಲಿಸಲು ಆಗುವುದಿಲ್ಲ. ಸೋದರಮಾವ ತಮ್ಮ ಊರಿನ ಆರೈಕೆ ಕೇಂದ್ರವೊಂದರಲ್ಲಿ ಜಾಗ ಹಿಡಿದಿಟ್ಟಿದ್ದಾರೆ. "ಇಪ್ಪತ್ತೆಂಟರ ತನಕ ಕಾಯ್ತಾರಂತೆ. ಅಷ್ಟರಲ್ಲಿ ನಿನ್ನ ಮನೇಲಿ ಎಲ್ಲ ಸರಿಯಾಗಿ, ಡಾಕ್ಟರೂ ಒಪ್ಪಿದ್ರೆ ಕರ್ಕೊಂಡು ಹೋಗು. ಇಲ್ಲಾಂದ್ರೆ ಅಲ್ಲಿಗೆ ಸೇರಿಸ್ತೀನಿ. ಒಂದು ಸಲ ಸೇರಿಸಿದ್ಮೇಲೆ ಮತ್ತೆ ಅವಳನ್ನ ಅಲ್ಲಾಡಿಸೋ ಮಾತಿಲ್ಲ," ಅಂದರು. ಕೆಟ್ಟವರಲ್ಲ. ಸುಸ್ತಾಗಿದ್ದಾರೆ.

ರಾತ್ರಿ ಊಟಕ್ಕೆ ಕುಳಿತಾಗ ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಇವರು ಅವರ ಅಮ್ಮನ ಮುಖ ನೋಡಿದರು. ಅತ್ತೆಯವರು ತುತ್ತು ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಅಂದರು: "ಬರಲಿ. ಅಂಗಡಿ ಪಕ್ಕದ ರೂಮು ಖಾಲಿ ಮಾಡ್ಸೋಣ. ಹಾಸಿಗೆ ನಾನು ಹೊಲೀತೀನಿ."

ಕೆಳಗೆ ಅಂಗಡಿ, ಮೇಲೆ ಮನೆ. ಅತ್ತೆಯವರು ನಲವತ್ತು ವರ್ಷದಿಂದ ಹತ್ತಿ ಹಾಸಿಗೆ ಹೊಲಿಯುತ್ತಿದ್ದಾರೆ. ಈ ಮನೆಗೆ ಯಾರು ಹೊಸದಾಗಿ ಬಂದರೂ ಅವರ ಅಳತೆಗೆ ಒಂದು ಹಾಸಿಗೆ ಹೊಲಿಯುವುದು ಅವರ ಪದ್ಧತಿ. ನನ್ನದನ್ನು ಮದುವೆಗೆ ವಾರ ಮೊದಲೇ ಹೊಲಿದಿಟ್ಟಿದ್ದರು. ನನ್ನ ಎತ್ತರ ಯಾರನ್ನೂ ಕೇಳಿರಲಿಲ್ಲ, ಒಮ್ಮೆ ನೋಡಿದ್ದರಷ್ಟೆ. ಈಗ ನನ್ನ ಅಜ್ಜಿಗೂ ಒಂದು. ನನಗೆ ಅಳು ಬಂತು, ನಗುವೂ ಬಂತು. ಆ ರೂಮಿಗೆ ಆಕಾಶನೀಲಿ ಪರದೆ ಹಾಕಬೇಕು, ತುದಿಗೆ ಬಿಳಿ ಲೇಸ್, ಗೋಡೆಗೆ ಚಿಟ್ಟೆಯ ಸ್ಟಿಕ್ಕರ್, ಮಂಚದ ಪಕ್ಕ ಪುಟ್ಟ ದೀಪ.

ಮಾರ್ಚ್ 4, ಬುಧವಾರ

ವಾರ್ಡ್ ಸಿಸ್ಟರ್ ಜೊತೆ ಫೋನಿನಲ್ಲಿ ಅರ್ಧ ಗಂಟೆ. ನಾನು ಪರದೆಯ ಬಣ್ಣದ ಬಗ್ಗೆ ಕೇಳಿದೆ, ಅಜ್ಜಿಯ ಕಣ್ಣಿಗೆ ಯಾವುದು ಹಿತ ಅಂತ.

"ಪರದೆ ಆಮೇಲೆ ನೋಡೋಣಮ್ಮ. ನಿಮ್ಮಜ್ಜಿಗೆ ಬೆನ್ನಿನ ಕೆಳಗಡೆ, ಬಾಲದ ಮೂಳೆ ಹತ್ರ, ಒಂದು ಕೆಂಪು ಕಲೆ ಆಗಿದೆ. ಬಾಟಲಿ ಮುಚ್ಚಳದಷ್ಟು."

ಒಂದೇ ಕಡೆ ಭಾರ ಬಿದ್ದರೆ ಅಲ್ಲಿಗೆ ರಕ್ತ ಹೋಗುವುದಿಲ್ಲವಂತೆ. ನಾವು ನಿದ್ದೆಯಲ್ಲೂ ಹೊರಳಾಡುತ್ತೇವೆ, ಅಜ್ಜಿಗೆ ಅದು ಆಗುವುದಿಲ್ಲ. ಚರ್ಮ ಒಳಗಿನಿಂದಲೇ ಸಾಯತೊಡಗುತ್ತದೆ. ಕಲೆಯ ಮೇಲೆ ಬೆರಳಿಟ್ಟು ಒತ್ತಿ ತೆಗೆದಾಗ ಅದು ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ನಮ್ಮ ಕೈಯಲ್ಲಿದೆ. ಒತ್ತಿದರೂ ಕೆಂಪಾಗಿಯೇ ಉಳಿದರೆ ಕೈ ಮೀರುತ್ತಿದೆ ಅಂತ. ಅಲ್ಲಿಂದ ಮುಂದೆ ಹುಣ್ಣು.

"ಈಗ ಬೆಳ್ಳಗಾಗ್ತಿದೆ, ನಿಧಾನಕ್ಕೆ. ಇಲ್ಲಿ ಗಾಳಿ ಹಾಸಿಗೆ ಮೇಲೆ ಹಾಕಿದೀವಿ. ಮನೇಲೂ ಅದೇ ಬೇಕು, ಪಂಪ್ ಇರೋದು. ಅದಿಲ್ಲದೆ ಡಾಕ್ಟರ್ ಕಳ್ಸಲ್ಲ."

"ಒಳ್ಳೇ ಹತ್ತಿ ಹಾಸಿಗೆ ಆದ್ರೆ? ಕೈಯಲ್ಲಿ ಹೊಲಿದಿದ್ದು?"

"ಎಷ್ಟೇ ಒಳ್ಳೇದಾಗ್ಲಿ. ಅವರಿಗೆ ಅದು ನೆಲ ಇದ್ದ ಹಾಗೆ."

ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಕೆಳಗೆ ಅಂಗಡಿಯಿಂದ ದಪ್ಪ ಬಟ್ಟೆ ಕತ್ತರಿಸುವ ಸದ್ದು ಬರುತ್ತಿತ್ತು, ನಡುವೆ ನಿಲ್ಲದ ಉದ್ದನೆಯ ಸದ್ದು. ಅತ್ತೆಯವರು ಅಜ್ಜಿಯ ಹಾಸಿಗೆಗೆ ಕತ್ತರಿ ಹಾಕಿಯಾಗಿತ್ತು.

ಮಾರ್ಚ್ 6, ಶುಕ್ರವಾರ

ಹೇಳಲಿಲ್ಲ.

ಹೇಳಲು ಕೆಳಗಿಳಿದೆ. ಅತ್ತೆಯವರು ನೆಲದ ಮೇಲೆ ಕುಳಿತು ನೀಲಿ ಪಟ್ಟೆಯ ಚೀಲಕ್ಕೆ ಹತ್ತಿ ತುಂಬುತ್ತಿದ್ದರು. ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ. "ಬಾ ಇಂಗ್ಲಿಷಮ್ಮ, ಸೂಜಿಗೆ ದಾರ ಪೋಣಿಸು, ನನ್ನ ಕಣ್ಣು ಈಗೀಗ ಮುಷ್ಕರ ಮಾಡ್ತಿದೆ," ಅಂದರು. ಮದುವೆಯಾದ ಮೂರನೇ ದಿನ ಗಿರಾಕಿಯೊಬ್ಬರಿಗೆ ನಾನು 'ಎಕ್ಸ್‌ಕ್ಯೂಸ್ ಮಿ' ಅಂದಾಗಿನಿಂದ ನಾನು ಇಂಗ್ಲಿಷಮ್ಮ. ಪೋಣಿಸಿಕೊಟ್ಟೆ. ಒಂದು ಗೇಣುದ್ದದ ಸೂಜಿ.

"ನಿಮ್ಮಜ್ಜಿ ಮೂಳೆ ಮುರಿದಿರೋ ಜೀವ. ಮೆತ್ತಗಿದ್ರೆ ಸೊಂಟ ಕುಸಿಯುತ್ತೆ. ಗಟ್ಟಿಯಾಗಿ ತುಂಬ್ತಿದೀನಿ. ಇಲ್ಲಿ ಒತ್ತು. ಕೈಬೆರಳಲ್ಲ, ಮುಷ್ಟಿ."

ಮುಷ್ಟಿ ಊರಿದೆ.

"ಒಳಗೆ ಹೋಯ್ತಾ?"

"ಇಲ್ಲ."

"ಹೋಗ್ಬಾರ್ದು. ಹೋದ್ರೆ ಅದು ಹಾಸಿಗೆ ಅಲ್ಲ, ಹಳ್ಳ."

ಇದು ಅಂಗಡಿಯ ಪರೀಕ್ಷೆ. ಮುಷ್ಟಿ ಇಳಿದ ಹಾಸಿಗೆ ಈ ಬಾಗಿಲಿನಿಂದ ಹೊರಗೆ ಹೋಗಿಲ್ಲವಂತೆ, ನಲವತ್ತು ವರ್ಷದಲ್ಲಿ ಒಂದೂ. ನಾನು "ತುಂಬಾ ಚೆನ್ನಾಗಿದೆ ಅತ್ತೆ" ಅಂದೆ. ಚೆನ್ನಾಗಿಯೇ ಇತ್ತು, ಅದೇ ಕಷ್ಟ.

ಇವರಿಗೆ ಹೇಳಿದೆ. ಇವರು ಎಷ್ಟು ಮುದ್ದು ಅಂದರೆ ಐದು ನಿಮಿಷ ನನ್ನ ಕೈ ಹಿಡಿದು ಕುಳಿತರು. ಎಷ್ಟು ಪುಕ್ಕಲು ಅಂದರೆ, "ನೀವೇ ಅಮ್ಮನಿಗೆ ಹೇಳಿ" ಅಂದಾಗ ಕೈ ಬಿಟ್ಟರು. "ನಾನಾ? ನಾನು ಇನ್ನೂ ಅವರ ಕೈಯಡುಗೆ ಉಣ್ಬೇಕು ಕಣೇ."

ಮಾರ್ಚ್ 9, ಸೋಮವಾರ

ಕದ್ದು ಹೋಗಿ ಬಂದೆವು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಆಸ್ಪತ್ರೆ ಸಾಮಾನಿನ ಅಂಗಡಿ ಇದೆ. ಗಾಜಿನೊಳಗೆ ಊರುಗೋಲುಗಳ ಸಾಲು, ಗಾಲಿಕುರ್ಚಿಗಳು, ತಲೆಯಿಲ್ಲದ ಬೊಂಬೆಗೆ ಸೊಂಟದ ಪಟ್ಟಿ. ಒಳಗೆ ಹೊಸ ರಬ್ಬರಿನ ವಾಸನೆ.

ಅಂಗಡಿಯವರು ಬಾಯಿ ತುಂಬ ಮಾತಿನ ಮನುಷ್ಯ. ಫೋಮ್ ಹಾಸಿಗೆ ತೋರಿಸಿದರು, ಜೆಲ್ ಇರುವುದು ತೋರಿಸಿದರು, ಮೊಟ್ಟೆ ಇಡುವ ತಟ್ಟೆಯ ಹಾಗೆ ಗುಬುಟು ಗುಬುಟಾಗಿರುವುದು ತೋರಿಸಿದರು, ಉದ್ದುದ್ದ ಕೊಳವೆಗಳಂತೆ ಗಾಳಿ ತುಂಬಿಕೊಳ್ಳುವುದು ತೋರಿಸಿದರು. ನಾನು ಎಲ್ಲದರ ಮೇಲೂ ಮಲಗಿದೆ. ಜೆಲ್ ತಂಪಾಗಿತ್ತು. ಫೋಮ್ ಅಂತೂ ಅಪ್ಪಿಕೊಂಡಂತಿತ್ತು.

"ಇದರ ಮೇಲೆ ಒಂದ್ಸಲ ಮಲಗಿದ್ರೆ ಎದ್ದೇಳೋಕೆ ಮನಸ್ಸೇ ಬರಲ್ಲ ಮೇಡಂ."

"ನಮ್ಮಜ್ಜಿಗೆ ಮನಸ್ಸಿದೆ," ಅಂದರು ಇವರು. "ಎದ್ದೇಳೋಕೆ ಆಗ್ತಿಲ್ಲ. ಅದಕ್ಕೇ ಬಂದಿರೋದು." ನನ್ನ ಗಂಡ ಅಂಥ ಮಾತು ಇಷ್ಟು ಮೆಲ್ಲಗೆ ಹೇಳುತ್ತಾರೆ, ಕೇಳಿದವರಿಗೆ ಉರಿಯುವುದು ಆಮೇಲೆ.

ಯಾವುದೆಂದು ತೀರ್ಮಾನವಾಗಲಿಲ್ಲ. ನನಗೆ ಹಿತವಾದದ್ದು ಅಜ್ಜಿಗೂ ಆದೀತು ಅಂತ ಹೇಗೆ ಹೇಳುವುದು? ಕೈಯಲ್ಲಿ ಎರಡು ವಸ್ತು ಹಿಡಿದು ಬಂದೆ. ಒಂದು ಚಿತ್ರವಿರುವ ಪುಸ್ತಿಕೆ. ಇನ್ನೊಂದು ನಡುವೆ ತೂತಿರುವ, ದುಂಡಗಿನ, ಮುದ್ದಾದ ಗಾಳಿ ದಿಂಬು. ಆ ತೂತಿನಲ್ಲಿ ಕಲೆ ಬಂದು ಕೂತರೆ ಭಾರವೇ ಬೀಳುವುದಿಲ್ಲವಲ್ಲ, ಎಷ್ಟು ಸುಲಭ, ಯಾರಿಗೂ ಹೊಳೆದಿಲ್ಲವೇ ಅನ್ನಿಸಿತು. ಎರಡನ್ನೂ ನನ್ನ ಹಾಸಿಗೆಯ ಕೆಳಗೆ ತೂರಿಸಿಟ್ಟಿದ್ದೇನೆ.

ಮಾರ್ಚ್ 10, ಮಂಗಳವಾರ

ಎಲ್ಲರಿಗೂ ಹೊಳೆದಿದೆಯಂತೆ. ಸಿಸ್ಟರ್ ಬೈದರು. ತೂತಿನ ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ಬರುವ ರಕ್ತವನ್ನೇ ಕಟ್ಟಿಹಾಕುತ್ತದಂತೆ, ಕಲೆ ಇನ್ನೂ ಬೇಗ ಹುಣ್ಣಾಗುತ್ತದಂತೆ. "ಅದನ್ನ ಮಕ್ಕಳಿಗೆ ಈಜೋಕೆ ಕೊಡಿ." ಅಜ್ಜಿಗೆ ತಾನಾಗಿ ಹೊರಳಲು ಬರುವುದಿಲ್ಲವಾದ್ದರಿಂದ ಫೋಮೂ ಸಾಲದು, ಕೊಳವೆಗಳ ಗಾಳಿ ಹಾಸಿಗೆಯೇ ಬೇಕು. ಒಂದು ಸಾಲು ಉಬ್ಬಿದಾಗ ಪಕ್ಕದ ಸಾಲು ಇಳಿಯುತ್ತದೆ, ಹತ್ತು ನಿಮಿಷಕ್ಕೆ ಅದಲು ಬದಲು. ಅವಳು ಹೊರಳದಿದ್ದರೆ ಹಾಸಿಗೆಯೇ ಅವಳ ಕೆಳಗೆ ಹೊರಳುತ್ತದೆ.

ಅಜ್ಜಿಯ ಕೈಗೂ ಫೋನ್ ಕೊಟ್ಟರು. ಮಾತು ಸ್ವಲ್ಪ ಎಳೆಯುತ್ತಾಳೆ. "ನನ್ನ ಹಿಂದುಗಡೆ ನೋಡೋಕೆ ದಿನಾ ಡಾಕ್ಟರುಗಳು ಸಾಲಾಗಿ ಬರ್ತಾರೆ ಕಣೇ ಕಂದ. ಹರೆಯದಲ್ಲಿ ನನ್ನ ಮುಂದುಗಡೆನೂ ಇಷ್ಟು ಜನ ನೋಡಿರ್ಲಿಲ್ಲ." ನಕ್ಕೆ. ಆಮೇಲೆ ಕೇಳಿದಳು: "ನನಗೆ ಅಲ್ಲಿ ಕಿಟಕಿ ಇದೆಯಾ?" ಅಲ್ಲಿ ಆಸ್ಪತ್ರೆಯ ಮೇಲ್ಛಾವಣಿ ನೋಡಿ ನೋಡಿ ಅದರಲ್ಲಿರುವ ಬಿರುಕುಗಳಿಗೆಲ್ಲ ಹೆಸರಿಟ್ಟಿದ್ದಾಳಂತೆ.

ಕಿಟಕಿ ಇದೆ, ರಸ್ತೆಗೇ ಇದೆ. ಆದರೆ ಮಂಚಕ್ಕಿಂತ ಎತ್ತರದಲ್ಲಿದೆ. ಮಲಗಿದವರಿಗೆ ಎದುರು ಮನೆಯ ನೀರಿನ ಟ್ಯಾಂಕ್ ಮಾತ್ರ ಕಾಣುತ್ತದೆ. ಅದನ್ನು ಹೇಳಲಿಲ್ಲ. ನಾನು ಈ ವಾರ ಯಾರಿಗೂ ಏನನ್ನೂ ಹೇಳುತ್ತಿಲ್ಲ.

ಮಾರ್ಚ್ 12, ಗುರುವಾರ

ಹಾಸಿಗೆ ಹೊಲಿಯುವವರ ಮನೆಯಲ್ಲಿ ಹಾಸಿಗೆಯ ಕೆಳಗೆ ಬಚ್ಚಿಟ್ಟ ನನ್ನ ಬುದ್ಧಿಗೆ ಏನು ಹೇಳಲಿ. ಗುರುವಾರ ಗುರುವಾರ ಮನೆಯ ಹಾಸಿಗೆಗಳನ್ನೆಲ್ಲ ಎತ್ತಿ, ಬಿಸಿಲಿಗೆ ಹಾಕಿ, ಬಡಿಗೆಯಿಂದ ತಟ್ಟಿ, ಮಗುಚಿ ಹಾಸುತ್ತಾರೆ. ಎಂಟು ಗುರುವಾರದಿಂದ ನೋಡುತ್ತಿದ್ದೇನೆ, ಮರೆತೇಬಿಟ್ಟಿದ್ದೆ.

ಸ್ನಾನ ಮುಗಿಸಿ ಬಂದಾಗ ಅತ್ತೆಯವರು ನಮ್ಮ ರೂಮಿನಲ್ಲಿ ಆ ದುಂಡು ದಿಂಬನ್ನು ತೋಳಿಗೆ ಬಳೆಯಂತೆ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಪುಸ್ತಿಕೆಯ ಚಿತ್ರ ನೋಡುತ್ತಿದ್ದರು.

"ಇದೇನು, ಸಮುದ್ರಕ್ಕೆ ಹೊರಟಿದ್ದೀರಾ ಗಂಡ ಹೆಂಡತಿ?"

ಹೇಳಿದೆ. ಎಲ್ಲವನ್ನೂ. ಕಲೆ, ಬಾಟಲಿ ಮುಚ್ಚಳ, ಬೆರಳೊತ್ತುವುದು, ಪಂಪು, ಇಪ್ಪತ್ತೆಂಟನೇ ತಾರೀಖು. ಸಿಸ್ಟರ್ ಹೇಳಿದ 'ನೆಲ' ಅನ್ನುವ ಮಾತನ್ನು ಬಿಡಬೇಕೆಂದಿದ್ದೆ, ಅದೂ ಬಂದುಬಿಟ್ಟಿತು.

"ನೆಲ," ಅಂದರು ಅತ್ತೆಯವರು. "ನಲವತ್ತು ವರ್ಷದಲ್ಲಿ ನನ್ನ ಹಾಸಿಗೆ ಮೇಲೆ ಮಲಗಿ ಯಾರ ಬೆನ್ನು ಹುಣ್ಣಾಗಿದೆ? ಒಬ್ಬರ ಹೆಸರು ಹೇಳಿಸು."

"ಅವರೆಲ್ಲ ಹೊರಳ್ತಿದ್ರು ಅತ್ತೆ."

ಇದು ನನ್ನ ಬಾಯಿಂದ ಬಂದದ್ದೇ ಎಂದು ನನಗೇ ಆಶ್ಚರ್ಯ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳಲಿಲ್ಲ.

"ಸರಿ. ನಾಳೆ ಊಟ ಆದ್ಮೇಲೆ ನಾನು ಹೊಲಿದಿರೋ ಹಾಸಿಗೆ ಮೇಲೆ ನಾನೇ ಮಲಗ್ತೀನಿ. ಎರಡು ಗಂಟೆ, ಅಲ್ಲಾಡದೆ, ನಿಮ್ಮಜ್ಜಿ ಹಾಗೆ. ನೀನು ಗಡಿಯಾರ ಹಿಡ್ಕೊಂಡು ಕೂತ್ಕೋ. ಆಮೇಲೆ ನೋಡೋಣ ಯಾವುದು ನೆಲ ಅಂತ."

ಮಾರ್ಚ್ 13, ಶುಕ್ರವಾರ

ಊಟಕ್ಕೆ ಅಂಗಡಿ ಮುಚ್ಚಿದ ಮೇಲೆ, ಒಂದೂ ಕಾಲಿಗೆ ಮಲಗಿದರು. ಬೆನ್ನ ಮೇಲೆ, ಕೈ ಪಕ್ಕಕ್ಕೆ. ನೀಲಿ ಪಟ್ಟೆಯ ಹೊಚ್ಚ ಹೊಸ ಹಾಸಿಗೆ, ನೋಡಲು ಎಷ್ಟು ಚೆಂದ, ಅಂಚಿನ ಹೊಲಿಗೆ ಅಳತೆಪಟ್ಟಿ ಇಟ್ಟ ಹಾಗೆ.

ಮೊದಲ ಅರ್ಧ ಗಂಟೆ ನನಗೆ ಬುದ್ಧಿ ಹೇಳಿದರು. ಇಪ್ಪತ್ತು ನಿಮಿಷ ನಮ್ಮವರ ಬಾಲ್ಯದ ಕಥೆ. (ಎಂಟು ವರ್ಷದ ತನಕ ಹತ್ತಿ ಮೂಟೆಯ ಒಳಗೇ ನಿದ್ದೆ ಮಾಡುತ್ತಿದ್ದರಂತೆ. ಒಮ್ಮೆ ಮೂಟೆಯ ಜೊತೆ ಇವರನ್ನೂ ಇನ್ನೇನು ಗಿರಾಕಿಗೆ ಕೊಟ್ಟೇಬಿಡುತ್ತಿದ್ದರಂತೆ. ಇದನ್ನು ನಾನು ಜೀವಮಾನವಿಡೀ ಉಪಯೋಗಿಸುತ್ತೇನೆ.) ಒಂದು ಗಂಟೆಯಾದ ಮೇಲೆ ಮಾತು ಕಡಿಮೆಯಾಯಿತು. ನೊಣವೊಂದು ಮೂಗಿನ ಮೇಲೆ ಕೂತಿತು, ಕೈಯೆತ್ತಲು ಹೋಗಿ ನಿಲ್ಲಿಸಿದರು. "ಇದನ್ನ ಓಡಿಸು," ಅಂದರು. ಓಡಿಸಿದೆ. "ಕೈ ಇದ್ದೂ ಎತ್ತದೆ ಇರೋದು," ಅಂದರು.

ಒಂದೂವರೆ ಗಂಟೆ ಕಳೆದಾಗ ಹಣೆಯ ಮೇಲೆ ಬೆವರು. "ಸಾಕು ಅತ್ತೆ, ಏಳಿ." "ಎಷ್ಟಾಯ್ತು?" "ಇನ್ನೂ ಅರ್ಧ ಗಂಟೆ ಇದೆ." "ಹಾಗಾದ್ರೆ ಬಾಯ್ಮುಚ್ಕೊಂಡು ಕೂತ್ಕೋ."

ಮೂರೂ ಕಾಲಿಗೆ ಏಳಿಸಿದೆ. ಮಗ್ಗುಲಿಗೆ ತಿರುಗಿಸಿ, ಅವರೇ ಹೇಳಿದ್ದರಿಂದ, ನೋಡಿದೆ. ಬಾಲದ ಮೂಳೆಯ ಮೇಲೆ ಕೆಂಪು. ಬಾಟಲಿ ಮುಚ್ಚಳಕ್ಕಿಂತ ದೊಡ್ಡದು. ಎರಡು ಹಿಮ್ಮಡಿಗಳಲ್ಲೂ. ಬೆರಳಿಟ್ಟು ಒತ್ತಿದೆ, ಬೆಳ್ಳಗಾಯಿತು, ಮತ್ತೆ ಕೆಂಪಾಯಿತು.

"ಇದೆಯಾ?"

ಇಲ್ಲ ಅನ್ನಬಹುದಿತ್ತು. ಅವರಿಗೆ ಅದು ಕಾಣುವ ಜಾಗವಲ್ಲ.

"ಇದೆ ಅತ್ತೆ."

ಅವರು ಬಟ್ಟೆ ಸರಿಮಾಡಿಕೊಂಡು ಹಾಸಿಗೆಯ ಅಂಚಿನಲ್ಲಿ ಕುಳಿತರು. ಅಂಗೈಯಿಂದ ಹಾಸಿಗೆಯನ್ನು ಒಮ್ಮೆ ಸವರಿದರು, ಯಾರದೋ ಬೆನ್ನು ಸವರಿದ ಹಾಗೆ. ಆಮೇಲೆ ಅಂಗಡಿ ತೆರೆಯಲು ಎದ್ದು ಹೋದರು.

ನಾನು ಗೆದ್ದೆ. ಗೆದ್ದ ಹಾಗೆ ಅನ್ನಿಸಲಿಲ್ಲ. ಒಂದು ಗಂಟೆಯೊಳಗೆ ಕೆಂಪು ಹೋಗಿತ್ತು, ಎರಡು ಸಲ ಹೋಗಿ ನೋಡಿ ಬಂದೆ.

ಮಾರ್ಚ್ 14, ಶನಿವಾರ

ಅತ್ತೆ ದಿನವಿಡೀ ಅಂಗಡಿಯಲ್ಲೇ. ನೀಲಿ ಪಟ್ಟೆಯ ಹಾಸಿಗೆಯ ಹೊಲಿಗೆ ಬಿಚ್ಚುತ್ತಿದ್ದರು.

ಮಾರ್ಚ್ 16, ಸೋಮವಾರ

ಬೆಳಿಗ್ಗೆ ಕಾಫಿ ಕುಡಿಯುತ್ತಾ, ಏನೂ ನಡೆದೇ ಇಲ್ಲವೆಂಬಂತೆ, "ಆ ಅಂಗಡಿ ಎಷ್ಟು ಗಂಟೆಗೆ ತೆಗೀತಾರೆ?" ಅಂದರು. ಇವರ ಕಾಫಿ ನೆತ್ತಿಗೇರಿತು.

ಆ ಬಾಯಿ ತುಂಬ ಮಾತಿನ ಮನುಷ್ಯನಿಗೆ ಇವತ್ತು ತಕ್ಕವರು ಸಿಕ್ಕರು. ಅತ್ತೆ ಮೊದಲು ಮಾಡಿದ ಕೆಲಸ, ಹಾಸಿಗೆ ನೋಡದೆ ಅದರ ಹೊಲಿಗೆ ಮಗುಚಿ ನೋಡಿದ್ದು. "ಈ ಅಂಚು ಮೂರು ತಿಂಗಳು ಬರಲ್ಲ." ಅಂಗಡಿಯವರು ಇನ್ನೊಂದು ತಂದರು. "ಇದರ ಕೊಳವೆ ಒಂದಕ್ಕೊಂದು ಅಂಟಿದೆ, ಒಂದು ಹರಿದ್ರೆ ಬೇರೆ ಹಾಕೋಕಾಗುತ್ತಾ?" ಆಗುವುದಿಲ್ಲ. ಇನ್ನೊಂದು ತಂದರು, ಪ್ರತಿ ಕೊಳವೆಯನ್ನೂ ಬಿಡಿಸಿ ಬದಲಾಯಿಸಬಹುದಾದ್ದು. "ಕರೆಂಟು ಹೋದ್ರೆ?" ಪೈಪಿನ ಬಾಯಿ ಮುಚ್ಚಿದರೆ ಗಾಳಿ ಕೆಲವು ಗಂಟೆ ನಿಲ್ಲುತ್ತದೆ. "ಪಂಪು ಗಲಾಟೆ ಮಾಡುತ್ತಾ?" ಕಿವಿಯಿಟ್ಟು ಕೇಳಿದರು. "ನಮ್ಮ ಮಗನ ಗೊರಕೆಗಿಂತ ಪರವಾಗಿಲ್ಲ."

ನನ್ನ ಕಡೆ ತಿರುಗಿದರು. "ನಿಮ್ಮ ಸಿಸ್ಟರ್ ಇದನ್ನ ಪರೀಕ್ಷೆ ಮಾಡೋದು ಹೇಗೆ ಅಂತಾರೆ? ಮುಷ್ಟಿ ಅಲ್ಲ ತಾನೇ."

ಅಂಗೈ, ಅಂದೆ. ಮಲಗಿದವರ ಬಾಲದ ಮೂಳೆಯ ನೇರಕ್ಕೆ, ಗಾಳಿ ಹಾಸಿಗೆಯ ಕೆಳಗಿನಿಂದ ಅಂಗೈ ತೂರಿಸಬೇಕು. ಕೈಗೂ ಮೂಳೆಗೂ ನಡುವೆ ಒಂದಂಗುಲವಾದರೂ ಗಾಳಿ ಉಳಿದಿರಬೇಕು. ಮೂಳೆ ಕೈಗೆ ತಗುಲಿದರೆ ಹಾಸಿಗೆ ಸೋತ ಹಾಗೆ.

"ಮಲಗು."

ನಾನು ಮಲಗಿದೆ. ಅತ್ತೆ ಅಂಗಡಿಯ ನೆಲದ ಮೇಲೆ ಮಂಡಿಯೂರಿ, ನನ್ನ ಕೆಳಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡರು. ಹತ್ತಿಯಲ್ಲಿ ಬೀಜದ ಚೂರು ಉಳಿದಿದೆಯೇ ಅಂತ ನೋಡುವಾಗಲೂ ಹೀಗೇ ಮುಚ್ಚಿಕೊಳ್ಳುತ್ತಾರೆ. "ಒಂದಂಗುಲ," ಅಂದರು. "ಒಂದೂ ಕಾಲು." ಅದನ್ನೇ ಮನೆಗೆ ಕಳಿಸಲು ಹೇಳಿದೆವು.

ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಾ ಅಂದರು: "ನನ್ನಮ್ಮ ಕೊನೇ ನಾಲ್ಕು ತಿಂಗಳು ಮಲಗೇ ಇದ್ದಳು. ಅವಳ ಹಾಸಿಗೆನೂ ನಾನೇ ಹೊಲಿದಿದ್ದೆ. ಗಟ್ಟಿಯಾಗಿ." ಅಷ್ಟೇ. ನಾಲ್ಕು ಸ್ಟಾಪು ಅವರ ಕೈ ಹಿಡಿದುಕೊಂಡಿದ್ದೆ. ಕೈಯಲ್ಲಿ ಸೂಜಿಯ ಗಂಟುಗಳಿವೆ.

ಮಾರ್ಚ್ 18, ಬುಧವಾರ

ಗಾಳಿ ಹಾಸಿಗೆ ಬಂತು. ಹಾಸಿದೆವು. ಪಂಪನ್ನು ಮಂಚದ ಕಾಲ ಕಡೆ ನೇತುಹಾಕಿದೆವು. ಗಾಳಿ ತುಂಬಿಕೊಳ್ಳುವಾಗ ಅದು ಎದ್ದು ಕುಳಿತುಕೊಳ್ಳುವ ಪ್ರಾಣಿಯ ಹಾಗೆ ಕಂಡಿತು. ನಾನು ಚಪ್ಪಾಳೆ ತಟ್ಟಿದೆ.

ಆಮೇಲೆ ಒಂದು ಗಂಟೆ ಎಲ್ಲವನ್ನೂ ತಪ್ಪು ಮಾಡಿದೆವು. ಬರೀ ಪ್ಲಾಸ್ಟಿಕ್ ಮೇಲೆ ಮನುಷ್ಯರನ್ನು ಮಲಗಿಸುವುದುಂಟೇ ಎಂದು ಅತ್ತೆ ಒಂದು ಹತ್ತಿ ರಜಾಯಿ ಹಾಸಿದರು. ಅದರ ಮೇಲೆ ಬೆಡ್‌ಶೀಟನ್ನು ನಾನು ಹೋಟೆಲಿನಲ್ಲಿ ಇರುವಂತೆ ನಾಲ್ಕೂ ಕಡೆ ಎಳೆದು ಬಿಗಿದೆ. ಅತ್ತೆ ಅಭ್ಯಾಸಬಲದಿಂದ ಮುಷ್ಟಿ ಊರಿದರು, ಮುಷ್ಟಿ ಇಳಿಯಿತು, ಪಂಪಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಈಗ ಇಳಿಯಲಿಲ್ಲ. ಇಬ್ಬರಿಗೂ ಬಹಳ ಸಂತೋಷವಾಯಿತು.

ವೀಡಿಯೋದಲ್ಲಿ ನೋಡಿದ ಸಿಸ್ಟರ್ ತಲೆಯ ಮೇಲೆ ಕೈಯಿಟ್ಟುಕೊಂಡರು. "ರಜಾಯಿ ಹಾಕಿದ್ರೆ ಗಾಳಿ ಅಜ್ಜಿಗೆ ಹೇಗೆ ಗೊತ್ತಾಗ್ಬೇಕು? ಶೀಟು ಅಷ್ಟು ಬಿಗಿದ್ರೆ ತಮಟೆ ಆಗುತ್ತೆ. ಗುಂಡಿ ಮಲಗೋರ ತೂಕಕ್ಕೆ ಇಡೋದು, ನೀವು ಎಷ್ಟಕ್ಕಿಟ್ಟಿದೀರ? ನೂರಾ ನಲವತ್ತು ಕೇಜಿ. ಆನೆ ಮಲಗಿಸ್ತೀರಾ? ನಿಮ್ಮಜ್ಜಿ ನಲವತ್ತೊಂದು."

ನಲವತ್ತೊಂದು. ನಮ್ಮ ಮದುವೆಯಲ್ಲಿ ಐವತ್ತೆರಡಿದ್ದಳು.

ಗುಂಡಿ ನಲವತ್ತಕ್ಕೆ. ತೆಳ್ಳನೆಯ ಒಂದೇ ಶೀಟು, ಸಡಿಲವಾಗಿ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು. ಗಾಳಿ ಹಾಸಿಗೆಯ ಕೆಳಗೆ ಮಾತ್ರ ಗಟ್ಟಿಯಾದ, ಸಮನಾದ ಒಂದು ಹಾಸಿಗೆ ಇರಲೇಬೇಕು, ಬರೀ ಹಲಗೆ ಆಗುವುದಿಲ್ಲ ಅಂದರು.

"ಗಟ್ಟಿ ಅಂದ್ರೆ ಎಷ್ಟು ಗಟ್ಟಿ?" ಅತ್ತೆ ಫೋನಿನ ಹತ್ತಿರ ಬಾಗಿ ಕೇಳಿದರು. "ಮುಷ್ಟಿ ಇಳೀಬಾರ್ದು, ಅಷ್ಟಾ?"

"ಅಷ್ಟೇ ಅಮ್ಮ."

ಬಿಚ್ಚಿಟ್ಟಿದ್ದ ನೀಲಿ ಪಟ್ಟೆ ಮತ್ತೆ ಸೂಜಿಯ ಕೆಳಗೆ ಬಂದಿದೆ.

ಮಾರ್ಚ್ 20, ಶುಕ್ರವಾರ

ಸೋದರಮಾವನ ಫೋನ್. ಅಜ್ಜಿಗೆ ಎರಡು ದಿನ ಜ್ವರವಿತ್ತು, ಬೆವರಿ ಬೆವರಿ ಕಲೆ ಗಾಢವಾಗಿದೆ. ಬೆಳಿಗ್ಗೆ ಒತ್ತಿದಾಗ ಬೆಳ್ಳಗಾಗಲಿಲ್ಲ. ಡಾಕ್ಟರ್ ಸೋಮವಾರ ನೋಡಿ ಹೇಳುತ್ತಾರೆ. ಚರ್ಮ ಒಡೆದರೆ ಪ್ರಯಾಣವಿಲ್ಲ.

ಮಾವ ಮೆಲ್ಲಗೆ ಅಂದರು, "ಆರೈಕೆ ಕೇಂದ್ರದಲ್ಲಿ ಇಪ್ಪತ್ನಾಲ್ಕು ಗಂಟೆ ನರ್ಸ್ ಇರ್ತಾರಮ್ಮ. ನೀನು ಹೊಸದಾಗಿ ಮದುವೆ ಆದವಳು. ಎಷ್ಟು ದಿನ ಮಾಡ್ತೀಯ?"

ಫೋನ್ ಸ್ಪೀಕರಿನಲ್ಲಿತ್ತು. ಅತ್ತೆ ಫೋನ್ ತೆಗೆದುಕೊಂಡರು. "ನಮಸ್ಕಾರ ಬೀಗರೇ. ಅವಳೊಬ್ಬಳೇ ಅಂತ ಯಾರು ಹೇಳಿದ್ದು? ನಾವು ಮೂರು ಜನ ಇದೀವಿ. ಎರಡೆರಡು ಗಂಟೆಗೆ ಮಗ್ಗುಲು ಬದಲಾಯ್ಸೋಕೆ ಪಾಳಿ ಬರೆದಿಟ್ಟಿದೀವಿ. ನನ್ನ ಮೇಲೇ ಅಭ್ಯಾಸ ಮಾಡ್ತಿದಾಳೆ ನಿಮ್ಮ ಸೊಸೆ, ಎರಡು ದಿನದಿಂದ ನನ್ನನ್ನ ಚಪಾತಿ ಹಾಗೆ ಮಗುಚಿ ಹಾಕ್ತಿದಾಳೆ. ಸೋಮವಾರ ಏನಂತಾರೋ ನೋಡೋಣ. ಜಾಗ ಈಗಲೇ ಖಚಿತ ಮಾಡ್ಬೇಡಿ."

ಪಾಳಿ ಯಾರೂ ಬರೆದಿರಲಿಲ್ಲ. ಫೋನಿಟ್ಟ ಮೇಲೆ ಮೂವರೂ ಕುಳಿತು ಬರೆದೆವು. ಇವರಿಗೆ ಬೆಳಗಿನ ಜಾವ ನಾಲ್ಕು.

ಮಾರ್ಚ್ 22, ಭಾನುವಾರ

ಸಿಸ್ಟರ್: "ಮಗ್ಗುಲಲ್ಲೇ ಇಟ್ಟಿದೀವಿ. ಬೆನ್ನು ತಾಗಿಸ್ತಿಲ್ಲ. ಜ್ವರ ಇಲ್ಲ." ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳಿಸಿದೆ.

ಮಾರ್ಚ್ 23, ಸೋಮವಾರ

ಬೆಳ್ಳಗಾಯಿತು.

ಒತ್ತಿದರು, ಬೆಳ್ಳಗಾಯಿತು, ಬೆರಳು ತೆಗೆದರು, ಕೆಂಪಾಯಿತು. ಡಾಕ್ಟರ್ ಎರಡು ಸಲ ಒತ್ತಿದರಂತೆ, ಸಿಸ್ಟರ್ ಮೂರನೇ ಸಲ, ನನಗೋಸ್ಕರ. ಕಲೆ ಅಂಗಿಯ ಗುಂಡಿಯಷ್ಟಕ್ಕೆ ಇಳಿದಿದೆ, ಚರ್ಮ ಒಡೆದಿಲ್ಲ. ಕಳಿಸಬಹುದು ಅಂದರು.

ನಾನು ಕೆಳಗೆ ಓಡಿದೆ. ಗಿರಾಕಿಗಳಿಬ್ಬರು ನಿಂತಿದ್ದರು. ನಾನು ಬಾಗಿಲಲ್ಲಿ ನಿಂತು "ಬೆಳ್ಳಗಾಯ್ತು" ಅಂದೆ ಅಷ್ಟೇ. ಅತ್ತೆ ಕತ್ತರಿ ಕೆಳಗಿಟ್ಟರು. ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಗಿರಾಕಿಗಳಲ್ಲಿ ಒಬ್ಬರು, ಪಾಪ, ತಮ್ಮ ದಿಂಬಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಹೌದು, ಒಳ್ಳೇ ಬಿಳುಪು ಬಂದಿದೆ," ಅಂದರು. ಅತ್ತೆ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ. ಒರೆಸಿಕೊಂಡದ್ದು ನಗುವಿನ ನೀರೇ ಎಂದು ಇವರು ಹೇಳುತ್ತಾರೆ. ಇವರಿಗೆ ಏನು ಗೊತ್ತು.

ಮಾರ್ಚ್ 25, ಬುಧವಾರ

ಅಜ್ಜಿಯನ್ನು ಕರೆತರಲು ಇವರು ನಿನ್ನೆಯೇ ಹೊರಟರು. ಅತ್ತೆ ಹೊಲಿದ ಎರಡು ಓರೆ ದಿಂಬು ಜೊತೆಗೆ ಹೋಗಿವೆ, ರೈಲಿನಲ್ಲಿ ಮೂರು ಗಂಟೆ ಅಜ್ಜಿಯನ್ನು ಮಗ್ಗುಲಿಗೆ ಆನಿಸಿಡಲು. ಮಲಗಿ ಬರುವ ಸೀಟು ಸಿಕ್ಕಿದೆ. ಮಾವನೂ ಬರುತ್ತಾರೆ. ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ ಜಾಗ ಬೇರೆಯವರಿಗೆ ಕೊಡಿ ಅಂದರಂತೆ.

ಮಧ್ಯಾಹ್ನ ನಾನೂ ಅತ್ತೆಯೂ ಕೊನೆಯ ಸಲ ಹಾಸಿದೆವು. ಕೆಳಗೆ ನೀಲಿ ಪಟ್ಟೆ, ಮೊದಲಿನ ಅರ್ಧ ದಪ್ಪ, ಮುಷ್ಟಿ ಇಳಿಯದು. ಮೇಲೆ ಗಾಳಿ. ಅದರ ಮೇಲೆ ಒಂದೇ ಶೀಟು, ಸಡಿಲ. ನಾನು ಮಲಗಿದೆ, ಅತ್ತೆ ಅಂಗೈ ತೂರಿಸಿದರು. ಅತ್ತೆ ಮಲಗಿದರು, ನಾನು ತೂರಿಸಿದೆ. ನನಗೂ ಈಗ ಗೊತ್ತಾಗುತ್ತದೆ, ಒಂದಂಗುಲ ಹೇಗಿರುತ್ತದೆಂದು.

ಅವರು ಏಳಲಿಲ್ಲ. "ಬಾ ಇಲ್ಲಿ," ಅಂದರು. "ತಲೆ ಇಲ್ಲಿಡು."

ಪಕ್ಕದಲ್ಲಿ ತಲೆಯಿಟ್ಟೆ. ಎರಡು ಹಾಸಿಗೆ ಸೇರಿ ಮಂಚ ಎತ್ತರವಾಗಿದೆ. ಕಿಟಕಿಯ ಅಂಚು ಕಣ್ಣಿನ ಮಟ್ಟಕ್ಕಿಂತ ಕೆಳಗೆ. ಎದುರು ಮನೆಯ ಬಾಗಿಲು ಕಾಣುತ್ತದೆ, ಸೈಕಲ್ ರಿಪೇರಿಯವರು ಕಾಣುತ್ತಾರೆ, ಬಸ್ಸಿಗೆ ಓಡುವವರು, ಓಡಿ ತಪ್ಪಿಸಿಕೊಂಡು ಬೈಯುವವರು, ಎಲ್ಲ.

"ಹತ್ತಿ ಯಾಕೆ ಅರ್ಧ ತೆಗೆದೆ ಗೊತ್ತಾ? ಪೂರ್ತಿ ಇದ್ದಿದ್ರೆ ನಿಮ್ಮಜ್ಜಿಗೆ ಬರೀ ರಸ್ತೆ ನೆಲ ಕಾಣ್ತಿತ್ತು. ಅಳೆದು ತೆಗೆದಿದೀನಿ."

"ಅಜ್ಜಿ ಕಿಟಕಿ ಕೇಳಿದ್ಲು ಅಂತ ನಾನು ನಿಮಗೆ ಹೇಳೇ ಇಲ್ಲವಲ್ಲ."

"ಮಲಗಿರೋರು ಇನ್ನೇನು ಕೇಳ್ತಾರೆ ಇಂಗ್ಲಿಷಮ್ಮ."

ಪಂಪು ಮೆಲ್ಲಗೆ ಗೊಣಗುತ್ತಿತ್ತು. ನಮ್ಮ ಕೆಳಗೆ ಒಂದು ಸಾಲು ಇಳಿದು ಇನ್ನೊಂದು ಏರಿತು. ಅಂಗಡಿ ತೆರೆಯುವ ಹೊತ್ತಾಗಿತ್ತು, ಇಬ್ಬರೂ ಏಳಲಿಲ್ಲ.

ಪರದೆ ತರುವುದು ಮರೆತೇಹೋಗಿದೆ. ಇರಲಿ, ಬೇಡ, ರಸ್ತೆ ಕಾಣಲಿ. ನಿಲ್ದಾಣಕ್ಕೆ ಗಾಲಿಕುರ್ಚಿಗೆ ಹೇಳಿಯಾಗಿದೆ. ಮಧ್ಯಾಹ್ನದ ಮಗ್ಗುಲು ಅತ್ತೆಯದು, ಎರಡಕ್ಕೆ. ಮೊದಲನೆಯದು ನನ್ನದು, ಬಂದಿಳಿದ ಕೂಡಲೇ. ನಾಳೆ, ಗುರುವಾರ, ಹನ್ನೊಂದು ನಲವತ್ತರ ಇಂಟರ್‌ಸಿಟಿ, ಎರಡನೇ ಪ್ಲಾಟ್‌ಫಾರಂ.